ಪಂಚಾಯ್ತಿ ಮಾಡುವವರು

ಜಗಳ ಬಿಡಿಸುವವರನ್ನು ಕರೆಯಲು ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ: ಪಂಚ, ಮಧ್ಯಸ್ಥ, ಸಂಧಾನಕಾರ. ಬರ ಇರುವುದು ಆ ಕೆಲಸಕ್ಕೆ ಸಿಗುವ ಮರ್ಯಾದೆಗೆ. ಐವರು ಹಿರಿಯರು ಕೂತು ನ್ಯಾಯ ಹೇಳುವುದು ಪಂಚಾಯ್ತಿ. ಅದೇ ಮಾತು ಬೈಗುಳವೂ ಆಯಿತು: ‘ನಿನಗ್ಯಾಕಯ್ಯಾ ಇಲ್ಲದ ಪಂಚಾಯ್ತಿ?’

‘ರಾಜಿ’ಯ ಪಾಡೂ ಅಷ್ಟೇ. ಅರಬ್ಬಿಯಿಂದ ಬಂದ ಈ ಮಾತಿನ ಮೂಲದಲ್ಲಿರುವುದು ಒಪ್ಪಿಗೆ, ಸಮಾಧಾನ. ಈಗ ‘ರಾಜಿಯಿಲ್ಲದ ಹೋರಾಟ’ ಎಂದರೇ ಚಪ್ಪಾಳೆ. ಮುಂಬಯಿಯಲ್ಲಿ ಇದರ ತಮಾಷೆ ಇನ್ನೂ ಹೆಚ್ಚು. ಹಿಂದಿಯವರ ರಾಜೀನಾಮೆ ಎಂದರೆ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬರೆದುಕೊಟ್ಟ ಪತ್ರ. ಮರಾಠಿಯವರಿಗೂ ನಮಗೂ ಅದು ಕುರ್ಚಿ ಬಿಡುವ ಪತ್ರ. ಹಳೆಯ ಮುಂಬಯಿ ಪ್ರಾಂತದ ಕಂದಾಯ ಕಚೇರಿಯಲ್ಲಿ ರೈತ ಜಮೀನು ಬಿಟ್ಟುಕೊಟ್ಟು ಬರೆಯುತ್ತಿದ್ದುದೂ ರಾಜೀನಾಮೆಯೇ. ಒಪ್ಪಿದವನು, ಬಿಟ್ಟುಕೊಟ್ಟವನು ಇಬ್ಬರಿಗೂ ಒಂದೇ ಕಾಗದ!

ಈ ಊರಿನ ಬಾಯಲ್ಲಿ ಓಡಾಡುವ ಇನ್ನೊಂದು ಮಾತು ‘ಮಾಂಡವಲಿ’. ಅದೂ ಜಗಳ ತೀರಿಸುವುದೇ. ಆದರೆ ಭೂಗತ ಲೋಕದ ಭಾಯಿಗಳ ಬಾಯಿಗೆ ಬಿದ್ದು ಹಫ್ತಾದ ವಾಸನೆ ಹೊಡೆಯುತ್ತದೆ.

ಮಾನ ಉಳಿಸಿಕೊಂಡದ್ದು ‘ಸಂಧಾನ’ ಒಂದೇ. ಅದರ ಅರ್ಥ ಕೂಡಿಸುವುದು. ಬಿಲ್ಲಿನ ಹೆದೆಗೆ ಬಾಣ ಹೂಡುವುದಕ್ಕೂ ಅದೇ ಹೆಸರು. ಮುಂಬಯಿ ತುಳು-ಕನ್ನಡಿಗರ ತಾಳಮದ್ದಳೆಗಳಲ್ಲಿ ‘ಕೃಷ್ಣ ಸಂಧಾನ’ ಇಟ್ಟರೆ, ಐದು ಊರು ಕೇಳಿದ ಕೃಷ್ಣ ಬರಿಗೈಯಲ್ಲಿ ಮರಳುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಕಿವಿಗೊಟ್ಟು ಕೂರುತ್ತಾರೆ. ಗೆಲ್ಲದಿದ್ದರೂ ಸಂಧಾನ ಸಂಧಾನವೇ. ಆದರೆ ಅದು ನಡೆಯದೇ ಹೋದರೆ ಏನಾಗುತ್ತದೆಂದು ಮುಂಬಯಿಯ ಬಟ್ಟೆ ಗಿರಣಿಗಳ ಬೀಡಾದ ಗಿರಣಗಾಂವ್ ಕಂಡಿದೆ: 1982ರ ಜನವರಿ 18ಕ್ಕೆ ಶುರುವಾದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರ ಮುಷ್ಕರ ಒಪ್ಪಂದವೇ ಇಲ್ಲದೆ ಸವೆದುಹೋಯಿತು.

1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಕೋಮು ಗಲಭೆಗಳಲ್ಲಿ ಸುಮಾರು 900 ಜನ ಸತ್ತರು. ಆಮೇಲೆ ಪೊಲೀಸ್ ಅಧಿಕಾರಿಗಳಾಗಿದ್ದ ಜೂಲಿಯೊ ರಿಬೇರೊ, ಸತೀಶ್ ಸಾಹ್ನಿ, ಶಾಂತಿ ಕಾರ್ಯಕರ್ತೆ ಸುಶೋಭಾ ಬರ್ವೆ ಮುಂತಾದವರ ಮುಂದಾಳ್ತನದಲ್ಲಿ ಮೊಹಲ್ಲಾ ಕಮಿಟಿಗಳು ಹುಟ್ಟಿದವು. ಪರಸ್ಪರ ಮುಖ ನೋಡಲೊಲ್ಲದ ನೆರೆಹೊರೆಯವರನ್ನೂ ಪೊಲೀಸರನ್ನೂ ಒಟ್ಟಿಗೆ ಕೂರಿಸಿದವು, ಕ್ರಿಕೆಟ್ ಆಡಿಸಿದವು. ಅಲ್ಲಿ ಕೃಷ್ಣರು ಯಾರೂ ಇರಲಿಲ್ಲ. ಇದ್ದವರು ಗಲ್ಲಿಯ ಗುರುತಿನ ಮುಖಗಳು. ಅವರು ಮಾಡಿದ್ದು ನಾವು ಹಗುರವಾಗಿ ಆಡಿಕೊಳ್ಳುವ ಆ ಪಂಚಾಯ್ತಿಯನ್ನೇ.

ಚಾಳಿನ ನಲ್ಲಿಯ ಮುಂದೆಯೋ ಸೊಸೈಟಿಯ ಪಾರ್ಕಿಂಗಿನಲ್ಲೋ ಇಬ್ಬರು ಕೈಕೈ ಮಿಲಾಯಿಸುವ ಹೊತ್ತಿಗೆ ಮೂರನೆಯವರೊಬ್ಬರು ನಡುವೆ ಬರುತ್ತಾರೆ. ಎರಡೂ ಕಡೆಯ ಏಟು ಬೀಳುವುದು ಅವರಿಗೇ. ‘ನಿನಗ್ಯಾಕೆ ಪಂಚಾಯ್ತಿ’ ಎಂಬ ಮೂರನೆಯ ಏಟನ್ನಾದರೂ ನಾವು ಹಾಕದಿರೋಣ.