ಕೇಡನ್ನು ಮೊದಲೇ ಎಣಿಸುವ ವಿದ್ಯೆ

ಯಂತ್ರ ಕಟ್ಟುವವನು ಅದು ಹೇಗೆ ನಡೆಯುತ್ತದೆಂದು ವಿವರಿಸುವುದು ಸಹಜ. ಅದು ಎಷ್ಟು ಬಗೆಯಲ್ಲಿ ಕೆಡಬಹುದು, ಕೆಟ್ಟರೆ ಆ ಕೇಡು ಎಲ್ಲಿಯವರೆಗೆ ಹಬ್ಬಬಹುದು ಎಂಬುದನ್ನೂ ಅಷ್ಟೇ ವಿವರವಾಗಿ ಬರೆದಿಡಬೇಕೆಂಬ ವಿಚಾರ ಮಾತ್ರ ಇತ್ತೀಚಿನದು. ಖಾರಘರದ ನಮಗೆ ಈ ವಿಚಾರದ ಇತಿಹಾಸ ದೂರದ ಮಾತಲ್ಲ. ಹಾರ್ಬರ್ ಮಾರ್ಗದ ಲೋಕಲಿನಲ್ಲಿ ವಾಶಿಯ ಖಾಡಿ ದಾಟಿ ಮಾನಖುರ್ದ ಸೇರಿದರೆ ಸಮೀಪದಲ್ಲೇ ಅಣುಶಕ್ತಿನಗರ. ದೇಶದ ಅಣುವಿದ್ಯುತ್ ನಿಗಮದ ಪ್ರಧಾನ ಕಚೇರಿಯೂ, 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ ಅಲ್ಲಿಯೇ ಇವೆ. ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ ಸುರಕ್ಷತೆಯ ಲೆಕ್ಕವನ್ನು ಒಪ್ಪಿಸಬೇಕಾದದ್ದು ಆ ಮಂಡಳಿಗೇ.

ಈ ವಿದ್ಯೆಯ ಬುಡದಲ್ಲಿರುವುದು ಶಾಲೆಯ ಗುಣಾಕಾರ. ಒಂದು ಭಾಗ ನೂರರಲ್ಲಿ 99 ಸಲ ಸರಿಯಾಗಿ ನಡೆಯುತ್ತದೆಯೆಂದರೆ ನಾವು ಭೇಷ್ ಎನ್ನುತ್ತೇವೆ. ಆದರೆ ಅಂಥ ನೂರು ಭಾಗಗಳು ಒಂದರ ಹಿಂದೊಂದು ಸರಪಣಿಯಂತೆ ಕೂಡಿದ್ದು, ಎಲ್ಲವೂ ನಡೆದರೆ ಮಾತ್ರ ಯಂತ್ರ ನಡೆಯುವುದಾದರೆ, ಅದು ನೂರರಲ್ಲಿ ಸುಮಾರು 37 ಸಲ ಮಾತ್ರ ನಡೆದೀತು. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಎಂಜಿನಿಯರ್ ರಾಬರ್ಟ್ ಲುಸರ್ ಹೆಸರಿನಲ್ಲಿ ಈ ನಿಯಮ ಪ್ರಸಿದ್ಧವಾಗಿದೆ. ಮುಂದೆ 1962ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಎಚ್. ಎ. ವಾಟ್ಸನ್ ಮಿನಿಟ್‌ಮನ್ ಕ್ಷಿಪಣಿಯ ಕೆಲಸದಲ್ಲಿ 'ದೋಷವೃಕ್ಷ'ವನ್ನು ರೂಪಿಸಿದರು. ಆಗಬಾರದ ಅನಾಹುತವನ್ನು ತುದಿಯಲ್ಲಿ ಬರೆದು, ಅದಕ್ಕೆ ಏನೇನು ಕಾರಣವಾದೀತೆಂದು ಕೊಂಬೆ ಕೊಂಬೆಯಾಗಿ ಕೆಳಗಿಳಿಯುವ ಕ್ರಮವದು. 1975ರಲ್ಲಿ ನಾರ್ಮನ್ ರಾಸ್ಮುಸ್ಸೆನ್ ನೇತೃತ್ವದ ವರದಿ ಇದೇ ಕ್ರಮವನ್ನು ಅಣುಸ್ಥಾವರಗಳಿಗೆ ವಿಸ್ತಾರವಾಗಿ ಅನ್ವಯಿಸಿತು.

ಅಂಕಿಗಳಿಂದ ಜನರ ಅಂಜಿಕೆ ಕಳೆಯಿತೇ? ಕೈಗಾದ ಕತೆ ಕೇಳಿದವರು ಹಾಗೆನ್ನಲಾರರು. 1980ರ ದಶಕದಲ್ಲಿ ಕಾಳೀ ನದಿಯ ದಂಡೆಯ ಆ ಕಾಡಿನಲ್ಲಿ ಸ್ಥಾವರ ಬೇಡವೆಂದು ಕನ್ನಡ ನಾಡಿನಲ್ಲಿ ದೊಡ್ಡ ಚಳವಳಿ ನಡೆಯಿತು. ಎಂಬತ್ತೇಳರ ಹಿರಿವಯಸ್ಸಿನ ಶಿವರಾಮ ಕಾರಂತರು 1989ರಲ್ಲಿ ಪರಿಸರದ ಪರವಾಗಿ ಲೋಕಸಭೆಯ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ. ಆದರೆ 'ಒಂದು ವೇಳೆ ಕೆಟ್ಟರೆ?' ಎಂಬ ಹಳ್ಳಿಗನ ಪ್ರಶ್ನೆ ಆ ಚುನಾವಣೆಯೊಡನೆ ಮುಗಿಯಲಿಲ್ಲ.

ಆ ಪ್ರಶ್ನೆಗೆ ಮೊದಲು ಪರೀಕ್ಷೆ ಒದಗಿದ್ದು ಕೈಗಾದಲ್ಲಲ್ಲ, ಉತ್ತರ ಪ್ರದೇಶದ ನರೋರಾದಲ್ಲಿ. 1993ರ ಮಾರ್ಚ್ 31ರ ನಸುಕಿನಲ್ಲಿ ಅಲ್ಲಿಯ ಟರ್ಬೈನಿನ ಎರಡು ಅಲಗುಗಳು ಮುರಿದವು. ಅದರ ಕಂಪನದಿಂದ ಜನರೇಟರಿನ ಜಲಜನಕ ಸೋರಿ ಹೊತ್ತಿಕೊಂಡಿತು. ಬೆಂಕಿ ಕೇಬಲ್ಲುಗಳಿಗೆ ಹಬ್ಬಿತು. ಒಂದು ಕೆಟ್ಟರೆ ಇನ್ನೊಂದಿರಲೆಂದು ಇಟ್ಟಿದ್ದ ಬದಲಿ ವ್ಯವಸ್ಥೆಗಳ ಕೇಬಲ್ಲುಗಳೂ ಸಾಕಷ್ಟು ಅಂತರವಿಲ್ಲದೆ ಒಟ್ಟೊಟ್ಟಿಗೇ ಹಾದಿದ್ದವು! ಸ್ಥಾವರ ಸುಮಾರು 17 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಉಳಿಯಿತು. ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನು ಸಿಬ್ಬಂದಿ ಬಿಡಬೇಕಾಯಿತು. ಬೆಂಕಿ ಆರಿಸಲೆಂದು ಇದ್ದ ಡೀಸೆಲ್ ಪಂಪುಗಳಿಂದ ಉಗಿಯುತ್ಪಾದಕಗಳಿಗೆ ನೀರು ಹಾಯಿಸಿ ಅವರು ರಿಯಾಕ್ಟರಿನ ಬಿಸಿಯನ್ನು ಇಳಿಸಿದರು. ವಿಕಿರಣ ಹೊರಬೀಳಲಿಲ್ಲ.

ಇದರಲ್ಲಿಯ ಪಾಠ ಗುಣಾಕಾರದ್ದೇ. ಒಂದು ಪಂಪು ನೂರಕ್ಕೊಮ್ಮೆ ಕೆಡುವುದಾದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರಕ್ಕೊಮ್ಮೆ ಎಂದು ಕಾಗದ ಹೇಳುತ್ತದೆ. ಎರಡಕ್ಕೂ ಒಂದೇ ದಾರಿಯಲ್ಲಿ ಕೇಬಲ್ ಬಂದಿದ್ದರೆ ಆ ಲೆಕ್ಕ ಸುಳ್ಳು. ಆ ದಾರಿಗೆ ಬೆಂಕಿ ಬೀಳುವ ಸಾಧ್ಯತೆಯೇ ಎರಡೂ ಪಂಪುಗಳು ನಿಲ್ಲುವ ಸಾಧ್ಯತೆಯಾಗುತ್ತದೆ.

ಮರುವರ್ಷ, 1994ರ ಮೇ 13ರಂದು, ಕಟ್ಟಡ ನಡೆಯುತ್ತಿದ್ದಾಗಲೇ ಕೈಗಾದ ಮೊದಲನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿಬಿದ್ದಿತು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ಕೆಲಸಗಾರರಿಗೆ ಮಾತ್ರ ಗಾಯಗಳಾದವು. ಅಪಘಾತವಾದರೆ ಎಲ್ಲವನ್ನೂ ತಡೆದು ನಿಲ್ಲಿಸಬೇಕಾದದ್ದೇ ಆ ಗುಮ್ಮಟ. ಅದನ್ನು ಹೊಸ ವಿನ್ಯಾಸದಂತೆ ಮತ್ತೆ ಕಟ್ಟಲಾಯಿತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದೇ ಮೊದಲನೆಯ ಘಟಕ 2018ರ ಡಿಸೆಂಬರಿನಲ್ಲಿ 962 ದಿನಗಳ ಎಡೆಬಿಡದ ಓಟ ಮುಗಿಸಿ ಹೆಸರು ಪಡೆಯಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ.

ದೋಷವೃಕ್ಷಕ್ಕೆ ಒಂದು ಕೊರತೆಯಿದೆ. ಬರೆದವನಿಗೆ ಹೊಳೆದ ಕೊಂಬೆಗಳಷ್ಟೇ ಅದರಲ್ಲಿರುತ್ತವೆ; ಯಂತ್ರದ ನಕ್ಷೆ ಬದಲಾದರೂ ವೃಕ್ಷ ಹಳೆಯದೇ ಉಳಿಯಬಹುದು. ಇದಕ್ಕೆ ಪರಿಹಾರವಾಗಿ ನಕ್ಷೆಯನ್ನೂ ಕೇಡಿನ ವಿವರವನ್ನೂ ಒಂದೇ ಬರಹದಲ್ಲಿಡುವ ಭಾಷೆಗಳು ಹುಟ್ಟಿದವು. ವಿಮಾನಗಳ ಗಣಕವ್ಯವಸ್ಥೆಗಾಗಿ 2004ರಲ್ಲಿ ಪ್ರಕಟವಾದ 'ಎಎಡಿಎಲ್' ಅವುಗಳಲ್ಲಿ ಮುಖ್ಯವಾದದ್ದು. 2006ರಲ್ಲಿ ಅದಕ್ಕೆ ದೋಷಗಳ ಅನುಬಂಧ ಸೇರಿತು. 2015ರಲ್ಲಿ ಅದು ಪರಿಷ್ಕೃತವಾಯಿತು. ಪ್ರತಿ ಭಾಗಕ್ಕೂ 'ಸರಿಯಿದೆ', 'ಅರೆಬರೆ ನಡೆಯುತ್ತಿದೆ', 'ನಿಂತಿದೆ' ಎಂಬಂಥ ಸ್ಥಿತಿಗಳನ್ನು ಅದರಲ್ಲಿ ಬರೆಯಬಹುದು. ಒಂದರಿಂದ ಇನ್ನೊಂದಕ್ಕೆ ಜಾರುವ ಸಂಭವವೆಷ್ಟು, ಕೆಟ್ಟ ಭಾಗ ಯಾವ ತಂತಿಯ ಮೂಲಕ ಯಾರಿಗೆ ಕೇಡು ದಾಟಿಸುತ್ತದೆ ಎಂಬುದನ್ನೂ ಬರೆಯಬಹುದು. ದೋಷವೃಕ್ಷವನ್ನು ಆ ಬರಹದಿಂದ ಗಣಕವೇ ಬೆಳೆಸುತ್ತದೆ. ನರೋರಾದಂಥ ಕೇಬಲ್ಲಿನ ದಾರಿಯನ್ನು ಅದರಲ್ಲಿ ಬರೆದಿಟ್ಟರೆ ಎರಡು ಪಂಪುಗಳ ಗುಟ್ಟು ಬಯಲಾಗುತ್ತದೆ. ಯಾರೂ ಬರೆಯದ್ದನ್ನು ಮಾತ್ರ ಯಾವ ಭಾಷೆಯೂ ತಾನಾಗಿ ಕಾಣದು.

ಆದ್ದರಿಂದಲೇ 'ಕೆಟ್ಟರೆ?' ಎಂದು ಕೇಳುವವನನ್ನು ಅಪಶಕುನ ನುಡಿಯುವವನೆಂದು ಬಾಯಿ ಮುಚ್ಚಿಸಬಾರದು. ಇಲ್ಲಿ ನಾವು ಹತ್ತಾರು ಮಾಳಿಗೆಯ ಕಟ್ಟಡಗಳಲ್ಲಿ ವಾಸಿಸುತ್ತೇವೆ. ಲಿಫ್ಟು, ಮೆಟ್ಟಿಲಿನ ದೀಪ, ಬೆಂಕಿ ಆರಿಸುವ ಪಂಪು — ಎಲ್ಲಕ್ಕೂ ವಿದ್ಯುತ್ ಬೇಕು. ಈ ಮೂರರ ತಂತಿ ಎಲ್ಲಿಂದ ಬರುತ್ತದೆ, ಎಲ್ಲಿ ಒಂದಾಗುತ್ತದೆ ಎಂದು ಸೊಸೈಟಿಯ ಮುಂದಿನ ಸಭೆಯಲ್ಲಿ ಕೇಳೋಣ. ಉತ್ತರವನ್ನು ಒಂದು ಹಾಳೆಯಲ್ಲಿ ಬರೆಯಿಸಿ ಎಲ್ಲರಿಗೂ ಕಾಣುವಂತೆ ಅಂಟಿಸೋಣ.