ಅಂಟಿದ ಗೆಡ್ಡೆಯ ಕಥೆ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂತಹ ಹೋಬಳಿ ಊರುಗಳಲ್ಲಿ ಮಲದೊಡನೆ ರಕ್ತ ಹೋದರೆ ಮೂಲವ್ಯಾಧಿಯೆಂದು ಬಗೆದು ತಿಂಗಳುಗಟ್ಟಲೆ ನಾಟಿ ಔಷಧಿ ಮಾಡುವುದುಂಟು. ಪಟ್ಟಣದವರೂ ಇದಕ್ಕೆ ಹೊರತಲ್ಲ. ಅದು ದೊಡ್ಡಕರುಳಿನ ಕ್ಯಾನ್ಸರ್ ಆಗಿದ್ದರೆ, ಅಷ್ಟರಲ್ಲಿ ಗೆಡ್ಡೆ ಕರುಳಿನ ಗೋಡೆ ದಾಟಿ ಪಕ್ಕದ ಮೂತ್ರಕೋಶಕ್ಕೋ ಗರ್ಭಕೋಶಕ್ಕೋ ಸಣ್ಣಕರುಳಿಗೋ ಅಂಟಿಕೊಂಡಿರಬಹುದು. ಇಂತಹ ರೋಗಿಗೆ ಶಸ್ತ್ರಕ್ರಿಯೆ ಸಾಧ್ಯವೆ? ಉತ್ತರ ದೊರೆಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

1833ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ವೈದ್ಯ ರೇಬಾರ್ ಕ್ಯಾನ್ಸರ್ ತಗುಲಿದ ಕರುಳಿನ ತುಂಡನ್ನು ತೆಗೆದು ಉಳಿದ ತುದಿಗಳನ್ನು ಹೊಲಿದ. ಆಗಿನ್ನೂ ಅರಿವಳಿಕೆ ಇರಲಿಲ್ಲ. ನೆನೆದರೆ ಮೈ ಜುಮ್ಮೆನ್ನುತ್ತದೆ. ಈಥರ್ ಬಂದದ್ದು 1846ರಲ್ಲಿ, ಲಿಸ್ಟರನ ಕ್ರಿಮಿನಾಶಕ ವಿಧಾನ 1867ರಲ್ಲಿ, ರಕ್ತದ ಗುಂಪುಗಳ ತಿಳಿವು 1901ರಲ್ಲಿ. ಆ ಬಳಿಕವೇ ಹೊಟ್ಟೆ ತೆರೆದು ಗಂಟೆಗಟ್ಟಲೆ ಕೆಲಸ ಮಾಡುವ ಧೈರ್ಯ ಬಂದದ್ದು.

ತೊಡಕು ಇನ್ನೊಂದಿತ್ತು. ಗೆಡ್ಡೆ ಪಕ್ಕದ ಅಂಗಕ್ಕೆ ಅಂಟಿರುವುದು ಬರಿಯ ಉರಿಯೂತದಿಂದಲೋ, ಕ್ಯಾನ್ಸರೇ ಅಲ್ಲಿಗೆ ಹಬ್ಬಿದೆಯೋ? ಶಸ್ತ್ರವೈದ್ಯನ ಬೆರಳಿಗೆ ಅದು ತಿಳಿಯದು, ಸೂಕ್ಷ್ಮದರ್ಶಕವೇ ಹೇಳಬೇಕು. ಬಿಡಿಸಹೊರಟರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಚೆಲ್ಲುವ ಅಪಾಯವಿದೆ. ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ: ಕೊಳೆತ ಹಣ್ಣು ಪಕ್ಕದ್ದಕ್ಕೆ ಅಂಟಿದ್ದರೆ ಎಳೆದು ಬಿಡಿಸಿದಾಗ ರಸವೆಲ್ಲ ಗೊಂಚಲಿಗೆ ಹರಿಯುತ್ತದೆ. ಎರಡನ್ನೂ ಸೇರಿಸಿ ಕತ್ತರಿಸುವುದೇ ಲೇಸು. ಅಂತೆಯೇ ಕರುಳನ್ನೂ ಅಂಟಿದ ಅಂಗದ ಭಾಗವನ್ನೂ ಒಂದೇ ಮುದ್ದೆಯಾಗಿ ತೆಗೆಯಬೇಕು. 1946ರಲ್ಲಿ ಅಮೆರಿಕದ ಶುಗರ್‌ಬೇಕರ್ ಇಂತಹ ಶಸ್ತ್ರಕ್ರಿಯೆಗಳ ಬಗ್ಗೆ ಲೇಖನ ಪ್ರಕಟಿಸಿದ.

ಮೂತ್ರಕೋಶದ ಒಂದು ಚೂರು ಹೋದರೆ ಹೊಲಿದು ಮುಚ್ಚಬಹುದು, ಗರ್ಭಕೋಶವಿಲ್ಲದೆಯೂ ಬದುಕಬಹುದು. ಇಡೀ ಮೂತ್ರಕೋಶವೇ ಹೋದರೆ? 1948ರಲ್ಲಿ ನ್ಯೂಯಾರ್ಕಿನ ಬ್ರುನ್‌ಷ್ವಿಗ್ ಕಿಬ್ಬೊಟ್ಟೆಯ ಅಂಗಗಳನ್ನೆಲ್ಲ ತೆಗೆದ 22 ರೋಗಿಗಳ ವರದಿ ಕೊಟ್ಟಾಗ, ಅವರಲ್ಲಿ 5 ಮಂದಿ ಶಸ್ತ್ರಕ್ರಿಯೆಯಿಂದಲೇ ತೀರಿಕೊಂಡಿದ್ದರು. ಬೆಲೆ ಅಷ್ಟು ದುಬಾರಿ. 1950ರಲ್ಲಿ ಬ್ರಿಕರ್ ಸಣ್ಣಕರುಳಿನ ತುಂಡಿನಿಂದಲೇ ಮೂತ್ರಕ್ಕೆ ಹೊಸ ದಾರಿ ಮಾಡುವ ಕ್ರಮವನ್ನು ವಿವರಿಸಿದ ಮೇಲೆ ಬದುಕುಳಿದವರ ಬಾಳು ಸಹನೀಯವಾಯಿತು.

ಕರ್ನಾಟಕದಲ್ಲಿ ಕ್ಯಾನ್ಸರಿಗೇ ಮೀಸಲಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತವಾಯಿತು. ದೊಡ್ಡಬೆಳವಂಗಲದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವರು ಅದೇ ದಿನ ಅಲ್ಲಿಗೆ ತಲುಪಬಹುದು. ಈಗ ಗೆಡ್ಡೆ ಎಲ್ಲೆಲ್ಲಿ ಅಂಟಿದೆಯೆಂಬ ಸುಳಿವನ್ನು ಸ್ಕ್ಯಾನ್ ಮೊದಲೇ ಕೊಡುತ್ತದೆ. ಕೆಲವರಿಗೆ ಮೊದಲು ಔಷಧಿಯಿಂದ ಅದನ್ನು ಕುಗ್ಗಿಸಿ ಆಮೇಲೆ ಕತ್ತರಿ ಹಿಡಿಯುತ್ತಾರೆ.