ಯುಕೆಜಿಯ ‘ಕೆಜಿ’ ಮತ್ತು ಎಂಟು ಮರದ ತುಂಡುಗಳು



ಊರಿಂದ ಫೋನ್ ಬಂದಾಗಲೆಲ್ಲ ಅಮ್ಮನ ಮೊದಲ ಪ್ರಶ್ನೆ, “ಪುಟ್ಟಿ ಇವತ್ತು ಏನು ಕಲಿತಳು?” ಇಲ್ಲಿನ ಜರ್ಮನ್ ಕಿಂಡರ್‌ಗಾರ್ಟನ್‌ನಿಂದ ಬರುವ ಮಗಳ ಉತ್ತರವೂ ಒಂದೇ, “ಬ್ಲಾಕ್ಸ್ ಆಡಿದೆ.” ನಾಲ್ಕು ತುಂಬಿದರೂ ಅಕ್ಷರವಿಲ್ಲ, ಮಗ್ಗಿಯಿಲ್ಲ. ಅಮ್ಮನಿಗೆ ಚಿಂತೆ. ನಿಜ ಹೇಳಬೇಕೆಂದರೆ ನನಗೂ.

ಆದರೆ ನಾವು ಎಲ್‌ಕೆಜಿ, ಯುಕೆಜಿ ಅನ್ನುತ್ತೇವಲ್ಲ, ಆ ‘ಕೆಜಿ’ ಬೆಳೆದದ್ದೇ ಇಂಥ ಮರದ ತುಂಡುಗಳ ಜೊತೆ.

ಫ್ರೀಡ್ರಿಶ್ ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ತುರಿಂಗಿಯಾದ ಒಂದು ಹಳ್ಳಿಯಲ್ಲಿ. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಮುಂದೆ ಬರ್ಲಿನ್‌ನಲ್ಲಿ ಖನಿಜಶಾಸ್ತ್ರಜ್ಞ ವೈಸ್ ಅವರ ಬಳಿ ಸ್ಫಟಿಕಗಳ ಅಧ್ಯಯನ ಮಾಡಿದರು. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಆಟದ ಸಂಸ್ಥೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು.

ಮಕ್ಕಳಿಗೆ ಕೊಡುವ ಆಟಿಕೆಗಳನ್ನು ಅವರು ‘ಉಡುಗೊರೆ’ ಎಂದು ಕರೆದರು. ಮೊದಲನೆಯದು ಉಣ್ಣೆಯ ಚೆಂಡುಗಳು. ಮೂರನೆಯದು ಒಂದು ಪುಟ್ಟ ಪೆಟ್ಟಿಗೆ. ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಎಳೆದು, ಪೆಟ್ಟಿಗೆ ಎತ್ತಿದರೆ ಇಡಿಯಾದ ಒಂದು ಘನ ನಿಲ್ಲುತ್ತದೆ. ಮುಟ್ಟಿದರೆ ಅದು ಎಂಟು ಸಣ್ಣ ಘನಗಳು.

ಆಟಕ್ಕೆ ನಿಯಮಗಳಿದ್ದವು. ಎಂಟನ್ನೂ ಬಳಸಬೇಕು. ಕಟ್ಟಿದ್ದನ್ನು ಕೆಡವದೆ, ಒಂದೊಂದೇ ತುಂಡು ಸರಿಸಿ ಕುರ್ಚಿಯನ್ನು ಮೆಟ್ಟಿಲು ಮಾಡಬೇಕು. ಆಟ ಮುಗಿದಾಗ ಎಲ್ಲವೂ ಮತ್ತೆ ಘನವಾಗಿ ಪೆಟ್ಟಿಗೆ ಸೇರಬೇಕು. ಅರ್ಧ, ಕಾಲು, ಅರೆಕಾಲು ಎಂಬ ಲೆಕ್ಕ ಬಾಯಿಗೆ ಬರುವ ಮೊದಲೇ ಕೈಗೆ ಬರುತ್ತಿತ್ತು. ಆಕಾರ ಬದಲಾದರೂ ಮೊತ್ತ ಬದಲಾಗದು ಎಂಬುದೂ ತಿಳಿಯುತ್ತಿತ್ತು.

ಇಷ್ಟು ಸಾಧು ಆಟಕ್ಕೂ ಸರ್ಕಾರ ಹೆದರಿತು. 1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆಂಬುದು ಆರೋಪ. ಫ್ರೋಬೆಲ್ ಅವರ ಅಣ್ಣನ ಮಗ ಕಾರ್ಲ್ ಬರೆದದ್ದನ್ನು ಇವರ ತಲೆಗೂ ಕಟ್ಟಿದ್ದರು. ಮುಂದಿನ ವರ್ಷ ಜೂನ್‌ನಲ್ಲಿ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ತುಂಡುಗಳು ಮಾತ್ರ ಗಡಿ ದಾಟಿದ್ದವು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಇವನ್ನು ಕಂಡ ತಾಯಿಯೊಬ್ಬರು ಮಗನಿಗೆ ತಂದುಕೊಟ್ಟರು. ಆ ಹುಡುಗ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ಸ್ಪರ್ಶ ತನ್ನ ಬೆರಳುಗಳಲ್ಲಿ ಇನ್ನೂ ಉಳಿದಿದೆ ಎಂದು ಅವರು ದೊಡ್ಡವರಾದ ಮೇಲೆ ಬರೆದರು.

ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ಮಗಳು ಎಂಟು ತುಂಡುಗಳಿಂದ ತೇರು ಕಟ್ಟಿದಳು. ಆಮೇಲೆ ಅದನ್ನೇ ಸರಿಸಿ ಸರಿಸಿ ಸೇತುವೆ ಮಾಡಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ಅಲ್ಲೇ ಪುಟ್ಟಿ, ಒಂದೂ ಮಿಗಲಿಲ್ಲ, ಒಂದೂ ಸಾಲದೆ ಬರಲಿಲ್ಲ!” ಅಂದರು.

ಅವತ್ತು ಏನು ಕಲಿತಳೆಂದು ಅಮ್ಮ ಕೇಳಲಿಲ್ಲ.